ವೈರಸ್ ಚಿಕ್ಕದು, ಮಾಸ್ಕ್‌ನ ರಂಧ್ರ ದೊಡ್ಡದು: ಹಾಗಾದರೆ ಮಾಸ್ಕ್ ವ್ಯರ್ಥವೇ?

“ಮಾಸ್ಕ್‌ನಿಂದ ವೈರಸ್ ತಡೆಯುವುದೂ ಕಬ್ಬಿಣದ ಗೇಟ್ ಹಾಕಿ ಸೊಳ್ಳೆ ತಡೆಯುವುದೂ ಒಂದೇ” ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಇದು ನಿಜವೇ?

ಕೊರೊನಾ ವೈರಸ್‌ನ ಗಾತ್ರ ಸುಮಾರು 0.1 ಮೈಕ್ರಾನ್, ಅಷ್ಟು ನಿಜ. ಆದರೆ ಅದು ಒಂಟಿಯಾಗಿ ಹಾರಾಡುವುದಿಲ್ಲ. ನಾವು ಮಾತನಾಡುವಾಗ, ಕೆಮ್ಮುವಾಗ ಹೊರಬೀಳುವ ಹನಿಗಳೊಳಗೆ ಸೇರಿಕೊಂಡು ಬರುತ್ತದೆ.

ಜೊತೆಗೆ, ಮಾಸ್ಕ್ ಎಂದರೆ ಜರಡಿಯಲ್ಲ. ಎನ್95, ಸರ್ಜಿಕಲ್ ಮಾಸ್ಕ್‌ಗಳ ಒಳಪದರದಲ್ಲಿ ಸೂಕ್ಷ್ಮ ಎಳೆಗಳು ಅಡ್ಡಾದಿಡ್ಡಿ ಹರಡಿರುತ್ತವೆ. ದೊಡ್ಡ ಕಣ ನೇರ ಹೋಗಿ ಎಳೆಗೆ ಬಡಿಯುತ್ತದೆ. ತೀರಾ ಚಿಕ್ಕ ಕಣ ಅತ್ತಿತ್ತ ಓಲಾಡುತ್ತ ಅಂಟಿಕೊಳ್ಳುತ್ತದೆ. ಹಿಡಿಯಲು ಹೆಚ್ಚು ಕಷ್ಟವಾಗುವುದು 0.3 ಮೈಕ್ರಾನ್ ಆಸುಪಾಸಿನ ಕಣಗಳನ್ನು. ಅವುಗಳಲ್ಲೂ ಕನಿಷ್ಠ ಶೇ. 95ರಷ್ಟನ್ನು ಎನ್95 ತಡೆಯಬೇಕು. ಅದಕ್ಕೇ ಆ ಹೆಸರು.

ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ, ಸುಮಾರು 3.4 ಲಕ್ಷ ವಯಸ್ಕರ ಮೇಲೆ 2020-21ರಲ್ಲಿ ಅಧ್ಯಯನ ನಡೆಯಿತು. ಅರ್ಧದಷ್ಟು ಹಳ್ಳಿಗಳಲ್ಲಿ ಮಾಸ್ಕ್ ಉಚಿತವಾಗಿ ಹಂಚಿ, ತಿಳಿಹೇಳಿದರು. ಆಗಲೂ ಸರಿಯಾಗಿ ಧರಿಸಿದವರು 10ರಲ್ಲಿ ಸುಮಾರು ನಾಲ್ವರು ಮಾತ್ರ. ಅಷ್ಟಕ್ಕೇ, ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ರೋಗಲಕ್ಷಣವಿದ್ದ ಕೋವಿಡ್ ಶೇ. 11ರಷ್ಟು ತಗ್ಗಿತು, 60 ದಾಟಿದವರಲ್ಲಿ ಶೇ. 35ರಷ್ಟು. ಬಟ್ಟೆ ಮಾಸ್ಕ್‌ನಿಂದ ಮಾತ್ರ ಸ್ಪಷ್ಟ ಲಾಭ ಕಾಣಲಿಲ್ಲ.

ಹಾಗಂತ ಮಾಸ್ಕ್ ಪೂರ್ಣ ರಕ್ಷಣೆಯಲ್ಲ. ಮೂಗಿನಿಂದ ಕೆಳಗೆ ಜಾರಿದರೆ, ಕೆನ್ನೆಯ ಬಳಿ ಸಂದಿ ಉಳಿದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ನಿಮಗೆ ಕೆಮ್ಮು, ಜ್ವರವಿದ್ದು ಮನೆಯಲ್ಲಿ ಅಜ್ಜ-ಅಜ್ಜಿ ಇದ್ದರೆ, ಮೂಗು-ಬಾಯಿ ಎರಡೂ ಮುಚ್ಚುವಂತೆ ಮಾಸ್ಕ್ ಹಾಕಿ, ಕಿಟಕಿ ತೆರೆದಿಡಿ. ಆ ಗೇಟು-ಸೊಳ್ಳೆಯ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ.