ತುಕ್ಕಿಗೂ ಒಂದು ಕಾರಣವಿದೆ

ಪಾಳುಬಿದ್ದ ಮನೆ, ಕೈಬಿಟ್ಟ ಲಾರಿ, ಬಾಗಿಲಿಲ್ಲದ ಗೋದಾಮು, ಇವನ್ನು ಮೊಳದುದ್ದದ ಹಲಗೆಯ ಮೇಲೆ ಪುಟ್ಟದಾಗಿ ಕಟ್ಟಿ, ತುಕ್ಕು ಧೂಳು ಬಿರುಕುಗಳನ್ನೆಲ್ಲ ಬಣ್ಣದಿಂದ ಬರಿಸಿ, ಗಾಜಿನ ಪೆಟ್ಟಿಗೆಯೊಳಗಿಡುವ ಹವ್ಯಾಸವೊಂದು ನಮ್ಮ ಪಟ್ಟಣಗಳ ಕೆಲವು ತರುಣರಿಗೆ ಹತ್ತಿದೆ. ಅದಕ್ಕೆ ಡಯೋರಾಮ ಎಂದು ಹೆಸರು. 1822ರಲ್ಲಿ ಪ್ಯಾರಿಸ್ ನಗರದಲ್ಲಿ ಡಾಗೇರ್ ಎಂಬಾತ ದೊಡ್ಡ ಪರದೆಗಳ ಮೇಲೆ ಬಣ್ಣ ಬೆಳಕುಗಳ ಚಮತ್ಕಾರವನ್ನು ತೋರಿಸುವ ಒಂದು ಮಂದಿರವನ್ನು ತೆರೆದು ಅದನ್ನು ಈ ಹೆಸರಿನಿಂದ ಕರೆದ. 1839ರಲ್ಲಿ ಮಂದಿರ ಸುಟ್ಟುಹೋಯಿತು. ಹೆಸರು ಮಾತ್ರ ಉಳಿದು, ಕಾಲಕ್ರಮದಲ್ಲಿ ಈ ಪುಟ್ಟ ಪ್ರತಿಕೃತಿಗಳಿಗೆ ಅಂಟಿಕೊಂಡಿತು.

ಈ ಕೆಲಸವನ್ನು ಕಂಡು ಮೂಗು ಮುರಿಯುವವರಿದ್ದಾರೆ. ನಾನು ಆ ಪಕ್ಷಕ್ಕೆ ಸೇರಿದವನಲ್ಲ. ನನ್ನ ಜಗಳವೇನಿದ್ದರೂ ಮಾಡುವವರೊಡನೆ. ಆದರೂ ಜಗಳಕ್ಕೆ ಇಳಿಯುವ ಮೊದಲು ಮೂಗು ಮುರಿಯುವವರಿಗೊಂದು ಉತ್ತರ ಕೊಟ್ಟು ಮುಂದೆ ಹೋಗುವುದು ನ್ಯಾಯ.

ಭಿನ್ನವಾದದ್ದನ್ನು ಮನೆಯಲ್ಲಿಡಬಾರದು, ಅದು ಅಶುಭ, ಎಂಬುದು ಹಿರಿಯರ ಆಕ್ಷೇಪ. ಒಡೆದ ವಿಗ್ರಹಕ್ಕೆ ಪೂಜೆ ಸಲ್ಲದೆಂಬ ಮಾತು ಇರಲಿ. ಪೂಜೆ ಬೇರೆ, ನೋಟ ಬೇರೆ. 1565ರಲ್ಲಿ ಹಾಳಾದ ಹಂಪೆಯನ್ನು ನೋಡಲು ನಾವು ಮಕ್ಕಳುಮರಿಗಳನ್ನು ಕಟ್ಟಿಕೊಂಡು, ಟಿಕೆಟ್ಟು ಕೊಂಡು ಹೋಗುತ್ತೇವೆ. 2017ರಲ್ಲಿ ಹೊರಬಂದ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಆ ಹಂಪೆಯ ಕಲ್ಲಿನ ರಥ ಅಚ್ಚಾಗಿದೆ. ಪಾಳೂರೊಂದರ ಚಿತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವವರು ಮೇಜಿನ ಮೇಲಿನ ಪಾಳುಮನೆಗೆ ಹೆದರುವುದೇಕೆ? ಇನ್ನು, ಇದೆಲ್ಲ ಮಕ್ಕಳಾಟವೆಂಬ ಆಕ್ಷೇಪ. ಹೌದು, ಮಕ್ಕಳಾಟವೇ. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ಕಡೆಯ ಮಕ್ಕಳು ಎರೆಮಣ್ಣಿನಲ್ಲಿ ಎತ್ತು ಮಾಡುತ್ತಾರೆ. ಕೊಂಬು ಹೀಗಿರಬೇಕು, ಹಿಣಿಲು ಇಷ್ಟೆತ್ತರ ಇರಬೇಕು ಎಂದು ಅವರಲ್ಲಿ ವಾದವೇ ನಡೆಯುತ್ತದೆ. ಎತ್ತನ್ನು ಸರಿಯಾಗಿ ನೋಡದ ಮಗುವಿನ ಕೈಯಲ್ಲಿ ಎತ್ತು ಕತ್ತೆಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ನನ್ನ ವಾದ ಹೊರಡುವುದು ಅಲ್ಲಿಂದಲೇ.

ನಮ್ಮ ತರುಣರು ಮಾಡಿದ ಇಂಥ ಪ್ರತಿಕೃತಿಗಳಲ್ಲಿ ನಾನು ನೋಡಿದವು ಬಹುಮಟ್ಟಿಗೆ ಒಂದೇ ಜಾತಿಯವು. ಎರಡನೆಯ ಮಹಾಯುದ್ಧದ ಜರ್ಮನ್ ಟ್ಯಾಂಕು. ಅಮೆರಿಕದ ಯಾವುದೋ ಹೆದ್ದಾರಿಯ ಬದಿಯ ಪೆಟ್ರೋಲು ಬಂಕು. ಯುರೋಪಿನ ಯಾವುದೋ ಊರಿನ, ಬಾಂಬಿಗೆ ಸಿಕ್ಕಿದ ಇಟ್ಟಿಗೆಯ ಮನೆ. ಟ್ಯಾಂಕುಗಳಿಗೆ ರೂಢಿಯಾದ ಅಳತೆ ಮೂವತ್ತೈದಕ್ಕೆ ಒಂದು. ಆ ಲೆಕ್ಕದಲ್ಲಿ 20 ಅಡಿಯ ಲಾರಿ 7 ಅಂಗುಲಕ್ಕೆ ಇಳಿಯುತ್ತದೆ. ಆ 7 ಅಂಗುಲದಲ್ಲಿ ಅವರು ತೋರಿಸುವ ಕೈಚಳಕಕ್ಕೆ ತಲೆದೂಗಲೇಬೇಕು. ಮೊದಲು ಕಂದುಬಣ್ಣ ಬಳಿದು, ಒದ್ದೆಮಾಡಿ, ಉಪ್ಪಿನ ಹರಳುಗಳನ್ನು ಉದುರಿಸುತ್ತಾರೆ. ಒಣಗಿದ ಮೇಲೆ ವಾಹನದ ಬಣ್ಣವನ್ನು ತುಂತುರಾಗಿ ಹೊಡೆದು ಉಪ್ಪನ್ನು ಉಜ್ಜಿ ತೆಗೆದರೆ, ಉಪ್ಪಿದ್ದ ಕಡೆಯೆಲ್ಲ ಒಳಗಿನ ಕಂದು ಇಣುಕಿ, ಬಣ್ಣ ಸಿಡಿದು ಹೋದಂತೆಯೇ ಕಾಣುತ್ತದೆ. ಅಡಿಗೆ ಸೋಡವನ್ನು ಬಣ್ಣದಲ್ಲಿ ಕಲಸಿ ಬಳಿದರೆ ಹಕ್ಕಳೆಗಟ್ಟಿದ ತುಕ್ಕು ಸಿದ್ಧ. ಇದೆಲ್ಲ ಚೆನ್ನು. ಆದರೆ ಅದೇ ಕೈ ಗೋಡೆಯ ಬುಡಕ್ಕೆ ಹಸುರು ಪಾಚಿಯನ್ನೂ ಬರಿಸುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ಕುಳಿತು ಪಾಚಿ ಬಿಡಿಸುವ ಈ ಮಹನೀಯರನ್ನು ನಾನು ಕೇಳುವುದು ಇಷ್ಟೆ: ಸ್ವಾಮಿ, ಆ ಗೋಡೆಯ ಮೇಲೆ ಮಳೆ ಸುರಿಸಿದವರು ಯಾರು?

ಪಾಠ ಹೇಳುವ ಚಟ ನನ್ನದು; ಓದುಗರು ಮನ್ನಿಸಬೇಕು. ಕರುಣರಸ ಹುಟ್ಟಬೇಕಾದರೆ ಅದಕ್ಕೊಂದು ಆಲಂಬನ ಬೇಕೆಂದು ನಮ್ಮ ಲಾಕ್ಷಣಿಕರು ಹೇಳಿದ್ದಾರೆ. ಯಾರೋ ಏನನ್ನೋ ಕಳೆದುಕೊಂಡಿರಬೇಕು. ಕಳೆದುಕೊಂಡದ್ದು ಏನೆಂದು ನಮಗೆ ತಿಳಿಯಬೇಕು. ಸುಮ್ಮನೆ ಕಣ್ಣೀರು ಮಾತ್ರ ಇದ್ದರೆ ಅದು ಈರುಳ್ಳಿ ಹೆಚ್ಚಿದವನ ಕಣ್ಣೀರು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಸಾಧಿಸಿದ. ತುಕ್ಕಿಗೂ ಆ ಮಾತು ಸಲ್ಲುತ್ತದೆ. ಎಲ್ಲಿಯ ನೀರು, ಎಷ್ಟು ವರ್ಷದ ನೀರು, ಯಾವ ಸಂದಿಯಲ್ಲಿ ನಿಂತ ನೀರು ಎಂಬುದನ್ನು ಹೇಳದ ತುಕ್ಕು ಬರಿಯ ಬಣ್ಣ. ಪಾಳನ್ನು ಕಟ್ಟುವವನಿಗೆ ಪಾಳುಬಿದ್ದ ಕಾರಣ ತಿಳಿದಿರಲೇಬೇಕು. ನಾನು ಹೇಳಲು ಹೊರಟದ್ದು ಈ ಒಂದೇ ಮಾತು.

ಕಾರಣವನ್ನು ಹುಡುಕಿಕೊಂಡು ಜರ್ಮನಿಗೆ ಹೋಗಬೇಕಾಗಿಲ್ಲ. ಸಂಡೂರಿನ ಬೆಟ್ಟಗಳ ಅದಿರು ಹೆಮಟೈಟ್, ಅಂದರೆ ಕಬ್ಬಿಣಕ್ಕೆ ಆಮ್ಲಜನಕ ಕೂಡಿ ಆದ ವಸ್ತು. ತುಕ್ಕೂ ಅದೇ ಕುಲದ್ದು; ನೀರಿನ ನಂಟು ಹೆಚ್ಚು ಅಷ್ಟೆ. ಆದಕಾರಣ ನಮ್ಮ ಸೀಮೆಯ ಅದಿರು ಲಾರಿ ಹೊಚ್ಚ ಹೊಸದಾಗಿದ್ದಾಗಲೇ ತುಕ್ಕಿನ ಬಣ್ಣವನ್ನು ಹೊತ್ತು ತಿರುಗುತ್ತಿತ್ತು. ಅದರ ಮೇಲಿನ ಕೆಂಪು ಎರಡು ಬಗೆಯದು. ಬೆರಳಿಟ್ಟು ಒರಸಿದರೆ ಬರುವುದು ದುಡಿಮೆಯ ಕೆಂಪು. ಒರಸಿದರೂ ಬಾರದೆ ಉಳಿಯುವುದು ದುಡಿಮೆ ನಿಂತ ಮೇಲಿನ ಕೆಂಪು. ಈ ಎರಡು ಕೆಂಪುಗಳ ಭೇದವನ್ನು ಬರಿಸಬಲ್ಲ ಕೈ ಬಳ್ಳಾರಿಯಲ್ಲಿ ಹುಟ್ಟದೆ ಇನ್ನೆಲ್ಲಿ ಹುಟ್ಟಬೇಕು? ಮಳೆ ಕಡಿಮೆಯಿರುವ ನಾಡು ಇದು. ಇಲ್ಲಿ ಕಬ್ಬಿಣ ಕೊಳೆಯುವುದಕ್ಕೆ ಮುಂಚೆ ಬಣ್ಣ ಬಿಸಿಲಿಗೆ ಬಿಳಿಚಿಕೊಳ್ಳುತ್ತದೆ, ರಬ್ಬರು ಸೀಳುತ್ತದೆ, ಸೀಟಿನ ರೆಕ್ಸಿನ್ ಬಿರಿಯುತ್ತದೆ. ಪಾಚಿಯ ಬದಲು ಬರುವುದು ಬಳ್ಳಾರಿ ಜಾಲಿ. ಹೊರನಾಡಿನಿಂದ ಬಂದ ಆ ಮುಳ್ಳುಗಿಡಕ್ಕೆ ಕನ್ನಡಿಗರು ನಮ್ಮ ಊರಿನ ಹೆಸರನ್ನೇ ಇಟ್ಟು ಗೌರವಿಸಿದ್ದಾರೆ. ನಿಂತ ವಾಹನದ ಅಡಿಯಿಂದ ಅದು ತಲೆಯೆತ್ತುತ್ತದೆ. ಅದು ಎಷ್ಟು ಬೆಳೆದಿದೆಯೆಂದು ನೋಡಿ, ಲಾರಿ ನಿಂತು ಎಷ್ಟು ಮಳೆಗಾಲವಾಯಿತೆಂದು ಊಹಿಸಬಹುದು.

ಆ ಲಾರಿಗಳು ನಿಂತದ್ದಕ್ಕೆ ಕಾರಣವೇನೂ ಗುಟ್ಟಲ್ಲ. ಚೀನಾದ ಉಕ್ಕಿನ ಹಸಿವು ಹೆಚ್ಚಿದ ಆ ವರ್ಷಗಳಲ್ಲಿ ಅದಿರಿನ ಬೆಲೆ ಏರಿತು. ಹೊಲ ಮಾರಿದವರು, ಸಾಲ ಎತ್ತಿದವರು, ಒಂದೊಂದೇ ಲಾರಿ ಕೊಂಡು ಯಜಮಾನರಾದರು. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ತಡೆಯಿತು. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿಯನ್ನು ಸಲ್ಲಿಸಿದರು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ನಿಲ್ಲಿಸಿದ್ದು ನ್ಯಾಯವೇ; ಬೆಟ್ಟಗಳಿಗೂ ಒಂದು ನ್ಯಾಯವಿರಬೇಕಷ್ಟೆ. ಆದರೆ ದೊಡ್ಡ ಕುಳಗಳು ವಕೀಲರನ್ನು ಹಿಡಿದರೆ, ಒಂದೇ ಲಾರಿಯವನು ಹಿಡಿಯಲು ಉಳಿದದ್ದು ಸ್ಟೀರಿಂಗು ಮಾತ್ರ. ಕಂತು ಕಟ್ಟಲಾರದೆ ಹೋದಾಗ ಅದೂ ಕೈಬಿಟ್ಟಿತು.

ಇಂಥ ಲಾರಿ ಹೇಗೆ ಹಾಳಾಗುತ್ತದೆಂಬುದಕ್ಕೆ ಒಂದು ಕ್ರಮವಿದೆ. ಮೊದಲು ಹೋಗುವುದು ಬ್ಯಾಟರಿ, ಆಮೇಲೆ ಟೈರು; ಮಾರಿದರೆ ಕಾಸು ಬರುವುದನ್ನು ಯಾರೂ ತುಕ್ಕಿಗೆ ಬಿಡುವುದಿಲ್ಲ. ಉಳಿದದ್ದು ಕಲ್ಲುಗಳ ಮೇಲೆ ಕೂರುತ್ತದೆ. ಮಿತಿಮೀರಿ ಅದಿರು ಹೇರಿದ್ದರೆ ಹಿಂದಿನ ಕಮಾನುಪಟ್ಟಿಗಳು ಚಪ್ಪಟೆಯಾಗಿರುತ್ತವೆ. ಅದಿರು ಸುರಿದು ಸುರಿದು ತೊಟ್ಟಿಯ ತಗಡು ಒಳಗಿನಿಂದ ಹೊರಕ್ಕೆ ಉಬ್ಬಿರುತ್ತದೆ. ಮುಂದಿನ ಗಾಜಿನ ಮೇಲೆ ಮನೆದೇವರ ಹೆಸರು. ಅದರ ಕೆಳಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ, ಮಕ್ಕಳ ಹೆಸರು. ನಾಲ್ಕು ಟೈರು ಗಟ್ಟಿಯಾಗಿರುವ, ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಹಾಕಿರುವ, ಗಾಜಿನ ಮೇಲೆ ಒಂದು ಕನ್ನಡ ಅಕ್ಷರವೂ ಇಲ್ಲದ ಪಾಳು ಲಾರಿಯನ್ನು ಮಾಡಿ ಇಡುವವನು ಕೈಚಳಕದಲ್ಲಿ ಎಷ್ಟೇ ದೊಡ್ಡವನಾಗಲಿ, ಲಾರಿಯನ್ನು ನೋಡಿಲ್ಲ. ನೋಡಿದ್ದು ಲಾರಿಯ ಬಣ್ಣವನ್ನು.

ಇದನ್ನು ಹೇಳಿದೊಡನೆ, "ಈ ಮೇಷ್ಟರು ಕಲೆಗೂ ಪಂಚನಾಮೆಗೂ ಭೇದ ತಿಳಿಯರು" ಎಂದು ಮಿತ್ರರೊಬ್ಬರು ನಕ್ಕರು. ಪಂಚನಾಮೆಯಂಥ ಪ್ರತಿಕೃತಿಗಳೂ ಲೋಕದಲ್ಲಿವೆ. ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ ಎಂಬ ಮಹಿಳೆ ಪೊಲೀಸರಿಗೆ ಪರೀಕ್ಷೆಯ ಕ್ರಮವನ್ನು ಕಲಿಸಲೆಂದು 1940ರ ದಶಕದಲ್ಲಿ ಸಾವು ಸಂಭವಿಸಿದ ಕೋಣೆಗಳನ್ನು ಅಡಿಗೆ ಅಂಗುಲದ ಅಳತೆಯಲ್ಲಿ ಮಾಡಿದರು. ಅವುಗಳಲ್ಲಿ 18 ಇಂದಿಗೂ ಬಾಲ್ಟಿಮೋರ್ ನಗರದಲ್ಲಿ ಪಾಠಕ್ಕೆ ಬರುತ್ತವೆ. ಕ್ಯಾಲೆಂಡರಿನ ತಾರೀಕು, ಒಲೆಯ ಮೇಲಿನ ಪಾತ್ರೆ, ಕಿಟಕಿಯ ಅಗುಳಿ, ಯಾವುದೂ ಅಲ್ಲಿ ಅಲಂಕಾರಕ್ಕಿಲ್ಲ. ಒಂದೊಂದೂ ಒಂದು ಸಾಕ್ಷಿ. ಹಾಗಾಗಿಯೇ ಅವುಗಳ ಮುಂದೆ ನಿಂತವನ ಎದೆ ಝಲ್ಲೆನ್ನುತ್ತದೆ. ಸಾಕ್ಷ್ಯ ಬಂದರೆ ಸೌಂದರ್ಯ ಓಡಿಹೋಗುತ್ತದೆಂಬ ಭಯ ನಮ್ಮವರಿಗೆ ಯಾಕೆ ಬಂತೋ ತಿಳಿಯದು.

ಮನೆಗಳ ಮಾತೂ ಇಷ್ಟೆ. ಬಳ್ಳಾರಿಯಿಂದ ಕುರುಗೋಡಿನ ಕಡೆಗೋ ಸಿರುಗುಪ್ಪದ ಕಡೆಗೋ ಹೋಗಿ ಯಾವ ಹಳೆಯ ಊರಿಗೆ ಇಳಿದರೂ ಮಾಳಿಗೆ ಮನೆಗಳು ಕಾಣುತ್ತವೆ. ಕಲ್ಲು ಮಣ್ಣಿನ ಗೋಡೆ, ತೊಲೆ, ಜಂತೆ, ಮೇಲೆ ಮಣ್ಣಿನ ಮುದ್ದೆ. ಮಳೆಗೆ ಮುಂಚೆ ಸವಳು ಮಣ್ಣು ಹರಡಿ ಬಡಿಯುವ ಕೈ ಇರುವವರೆಗೆ ಆ ಮನೆಗೆ ಸಾವಿಲ್ಲ. ಆ ಕೈ ಬೆಂಗಳೂರಿಗೆ ಹೋದ ವರ್ಷ ಮಾಳಿಗೆಯ ಮೇಲೆ ಹುಲ್ಲು ಹುಟ್ಟುತ್ತದೆ. ಮರುವರ್ಷ ಬೆಳಕಿಂಡಿಯ ಸುತ್ತ ಮಣ್ಣು ಜರಿಯುತ್ತದೆ. ತೊಲೆ ಬಾಗಿಲು ಚೌಕಟ್ಟುಗಳನ್ನು ದಾಯಾದಿಗಳು ಬಿಚ್ಚಿ ಒಯ್ಯುತ್ತಾರೆ. ಆಮೇಲೆ ಗೋಡೆ ತಲೆಯಿಂದ ಕರಗುತ್ತದೆ. ನಮ್ಮ ತರುಣರ ಪಾಳುಮನೆಯಲ್ಲಿ ಮುರಿದ ಬಾಗಿಲೊಂದು ಒಂದೇ ತಿರುಗಣಿಯ ಮೇಲೆ ಜೋತಾಡುತ್ತಿರುತ್ತದೆ. ಮರಕ್ಕೆ ಬೆಲೆಯಿರುವ ನಮ್ಮ ಊರುಗಳಲ್ಲಿ ಜೋತಾಡುವ ಬಾಗಿಲನ್ನು ಬಿಟ್ಟು ಹೋಗುವ ಪುಣ್ಯಾತ್ಮ ಯಾರು?

ಕಲೆಗೆ ದೇಶವಿಲ್ಲ, ಯಾವ ವಸ್ತುವಾದರೇನು, ಎಂದು ಕೇಳಬಹುದು. ನಿಜ, ಟ್ಯಾಂಕನ್ನು ಮಾಡಬಾರದೆಂದು ನಾನು ಹೇಳುತ್ತಿಲ್ಲ. ಆ ಟ್ಯಾಂಕಿನ ಕಾರಣವನ್ನು ಅರಿತು ಮಾಡಿದರೆ ಸಂತೋಷ. ಆದರೆ ಒಂದನ್ನು ನೆನೆಯಬೇಕು. ಜರ್ಮನ್ ಟ್ಯಾಂಕಿಗೆ ಚಿತ್ರಗಳುಂಟು, ನಕ್ಷೆಗಳುಂಟು, ಸಂಗ್ರಹಾಲಯಗಳುಂಟು. ನಾವು ಮಾಡದಿದ್ದರೆ ಅದಕ್ಕೇನೂ ಕೊರತೆಯಿಲ್ಲ. ನಮ್ಮ ಮಾಳಿಗೆ ಮನೆಗೆ ಯಾರಿದ್ದಾರೆ? ತುಂಗಭದ್ರೆಯ ಅಣೆಕಟ್ಟಿನ ಹಿನ್ನೀರಿನಲ್ಲಿ ನಾರಾಯಣದೇವರಕೆರೆ ಎಂಬ ಊರು ಮುಳುಗಿತು. ಜನ ಎದ್ದು ಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಆ ಊರಿನ ಒಂದು ಬೀದಿಯನ್ನು, ಯಾರ ಕಟ್ಟೆ ಎಲ್ಲಿತ್ತು, ಯಾವ ಬಾಗಿಲು ಯಾವ ಕಡೆಗಿತ್ತು ಎಂದು ಹಿರಿಯರನ್ನು ಕೇಳಿ ಕೇಳಿ ಒಂದು ಹಲಗೆಯ ಮೇಲೆ ಯಾರಾದರೂ ಎಬ್ಬಿಸಿದರೆ ಅದು ಎಂಥ ಕೆಲಸವಾದೀತು! ಸಾಮಾನಿಗೂ ಪರದೇಶದ ಡಬ್ಬಿಯನ್ನು ಕಾಯಬೇಕಾಗಿಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರು ಮರದ ಹೊಟ್ಟಿನಿಂದಲೂ ಹುಣಸೆ ಬೀಜದ ಅಂಟಿನಿಂದಲೂ ತಲೆತಲಾಂತರದಿಂದ ಗೊಂಬೆಗೆ ಮೈ ಕೊಟ್ಟಿದ್ದಾರೆ. ಧೂಳು ಬೇಕಾದರೆ ಸಂಡೂರಿನ ದಾರಿಯಲ್ಲಿ ಪುಕ್ಕಟೆ ಸಿಗುತ್ತದೆ.

ಇನ್ನೊಂದು ಆಕ್ಷೇಪವಿದೆ, ಅದಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಮತ್ತೊಬ್ಬನ ಸಾಲವನ್ನು, ಮತ್ತೊಬ್ಬನ ಮನೆಮುರಿದದ್ದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಚಂದ ನೋಡುವುದು ಸರಿಯೆ? ಕಾರಣ ಕೇಳದೆ ಮಾಡಿದರೆ ಸರಿಯಲ್ಲ. ಅದು ಹೆಣದ ಮೇಲಿನ ಹೂವನ್ನು ಕಿತ್ತು ಮುಡಿದಂತೆ. ಮಾಡುವವನು ಲಾರಿಯ ಯಜಮಾನನ ಮನೆಗೆ ಹೋಗಬೇಕು. ಜಗುಲಿಯ ಮೇಲೆ ಕೂತು, "ಅಣ್ಣಾ, ನಿಮ್ಮ ಗಾಡಿ ಎಂದು ನಿಂತಿತು, ಯಾಕೆ ನಿಂತಿತು" ಎಂದು ಕೇಳಬೇಕು. ಬೇಡವೆಂದರೆ ಕೈಮುಗಿದು ಬರಬೇಕು. ಹೇಳಿದರೆ, ಹೇಳಿದ್ದೆಲ್ಲ ಆ 7 ಅಂಗುಲದಲ್ಲಿ ಕಾಣುವಂತೆ ಮಾಡಬೇಕು. ಅಷ್ಟು ಮಾಡಿದವನನ್ನು ಹವ್ಯಾಸಿ ಎಂದು ಕರೆಯುವ ಧೈರ್ಯ ನನಗಂತೂ ಇಲ್ಲ.

ಬಳ್ಳಾರಿಗೆ ಸಮೀಪದ ಕೊಳಗಲ್ಲು ಇತಿಹಾಸ ಓದಿದವರಿಗೆಲ್ಲ ಗೊತ್ತು. ಅಲ್ಲಿಯ 967ರ ಶಾಸನ, ರಾಷ್ಟ್ರಕೂಟರ ಮೂರನೆಯ ಕೃಷ್ಣ ತೀರಿಕೊಂಡನೆಂದೂ ಖೊಟ್ಟಿಗನು ಆಳುತ್ತಿದ್ದನೆಂದೂ ತಿಳಿಸುತ್ತದೆ. ದೊಡ್ಡ ಸಾಮ್ರಾಜ್ಯವೊಂದು ಇಳಿಜಾರಿಗೆ ತಿರುಗಿದ ಹೊತ್ತನ್ನು ಆ ಹಳ್ಳಿಯ ಕಲ್ಲು ತಾರೀಕಿನೊಡನೆ ಕಾದಿಟ್ಟಿದೆ. ಅದನ್ನು ಬರೆಸಿದವರಿಗೆ ಮರಣದ ಸೌಂದರ್ಯವನ್ನು ಕುರಿತು ಚಿಂತೆಯಿರಲಿಲ್ಲ. ಯಾರು, ಎಂದು, ಎಲ್ಲಿ ಎಂಬ ಮೂರು ಮಾತು ತಪ್ಪಬಾರದೆಂಬ ಎಚ್ಚರವಿತ್ತು. ಸಾವಿರ ವರ್ಷದ ಮೇಲೆ ನಮ್ಮನ್ನು ತಡೆದು ನಿಲ್ಲಿಸುವುದು ಆ ಮೂರು ಮಾತೇ.

ನಮ್ಮ ತರುಣರಲ್ಲಿ ನನ್ನ ಬೇಡಿಕೆ ಚಿಕ್ಕದು. ಪ್ರತಿಕೃತಿಯ ಹಲಗೆಯ ಅಂಚಿನಲ್ಲಿ ಬೆರಳಗಲ ಜಾಗ ಬಿಡಿ. ಅಲ್ಲಿ ಕನ್ನಡದಲ್ಲಿ ಬರೆಯಿರಿ: ಇದು ಎಲ್ಲಿಯದು, ಯಾವ ವರ್ಷ ನಿಂತಿತು, ಯಾಕೆ ನಿಂತಿತು. ಬರೆಯಲು ಹೊರಟು ಕೈ ತಡೆದರೆ, ಬಣ್ಣದ ಡಬ್ಬಿಯನ್ನು ಮುಚ್ಚಿ ಒಮ್ಮೆ ಬಸ್ಸು ಹತ್ತಿ ಹೋಗಿ ಕೇಳಿಕೊಂಡು ಬನ್ನಿ. ಉಪ್ಪು, ಸೋಡ, ಕುಂಚ ಎಲ್ಲೂ ಓಡಿಹೋಗುವುದಿಲ್ಲ. ಹೇಳುವವರು ಮಾತ್ರ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.