ಡೇಟಾಬೇಸ್ ತರಬೇತಿ ಭಾಷಣಗಳು: ನನ್ನದೊಂದು ವಿಚಾರ

ಚರಿತ್ರೆಯನ್ನೂ ಕನ್ನಡವನ್ನೂ ಐಚ್ಛಿಕ ವಿಷಯಗಳಾಗಿ ಓದುತ್ತಿರುವ ನಾನು, ಡೇಟಾಬೇಸ್ ಕಟ್ಟುವವರಿಗೂ ಅದನ್ನು ನೋಡಿಕೊಳ್ಳುವ ಆಡಳಿತಗಾರರಿಗೂ ನಡೆಯುವ ತರಬೇತಿ ಭಾಷಣಗಳ ವಿಷಯವಾಗಿ ಬರೆಯಹೊರಟಾಗ, "ಇವನಿಗೇಕೆ ಈ ಉಸಾಬರಿ?" ಎಂದು ವಾಚಕರು ಕೇಳುವುದು ಸಹಜ. ಕಾರಣವುಂಟು. ಅದನ್ನು ಮೊದಲು ಹೇಳಿ, ಆಮೇಲೆ ನನ್ನ ಅಭಿಪ್ರಾಯವನ್ನು ಗುರುಗಳ ಹಾಗೂ ಮಿತ್ರರ ಮುಂದಿಡುತ್ತೇನೆ.

ಹಿಂದಿನ ಕಾಲದಲ್ಲಿ ಹಳ್ಳಿಯ ಲೆಕ್ಕವೆಲ್ಲ ಶಾನುಭೋಗರ ಕಡತದಲ್ಲಿರುತ್ತಿತ್ತು. ಯಾರ ಹೊಲ ಎಷ್ಟು ಎಕರೆ, ಎಷ್ಟು ಗುಂಟೆ, ಕಂದಾಯ ಸಂದಿತೆ ಇಲ್ಲವೆ ಎಂಬುದೆಲ್ಲ ಆ ಕಡತವನ್ನು ನೋಡಿಯೇ ತಿಳಿಯಬೇಕು. ಇಂದಿನ ಡೇಟಾಬೇಸ್ ಎಂಬುದು ಮೂಲತಃ ಅಂತಹ ಕಡತವೇ. ಸಾಲು, ಕಂಬಗಳಲ್ಲಿ ವಿಷಯಗಳನ್ನು ಬರೆದಿಟ್ಟು, ಬೇಕಾದಾಗ ಬೇಕಾದವರು ಕೇಳಿ ಪಡೆಯುವ ಏರ್ಪಾಡು. ಕರ್ನಾಟಕ ಸರ್ಕಾರವು 2000ನೆಯ ಇಸವಿಯ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಯ ಕಾಲ ಅಲ್ಲಿಗೆ ಮುಗಿಯಿತು. ಭೂಮಿ ಮಾತ್ರವಲ್ಲ, ಪಡಿತರ, ಪಿಂಚಣಿ, ಬ್ಯಾಂಕಿನ ಲೆಕ್ಕ, ನಮ್ಮ ಅಂಕಪಟ್ಟಿ ಎಲ್ಲವೂ ಇಂದು ಅಂತಹ ಕಡತಗಳಲ್ಲಿಯೇ ಇವೆ. ಆದಕಾರಣ ಡೇಟಾಬೇಸ್ ಆಡಳಿತಗಾರನೇ ಇಂದಿನ ಶಾನುಭೋಗನೆಂದರೆ ತಪ್ಪಾಗದು. ಅವನಿಗೆ ಏನು ಕಲಿಸುತ್ತಾರೆ, ಹೇಗೆ ಕಲಿಸುತ್ತಾರೆ ಎಂಬುದು ಎಲ್ಲರ ಪ್ರಶ್ನೆ.

ನನಗೆ ಈ ಪ್ರಶ್ನೆ ಹುಟ್ಟಿದ್ದು ಪುಸ್ತಕದಿಂದಲ್ಲ. ಹಿಂದಿನ ವರ್ಷ ನನಗೆ ಬರಬೇಕಾಗಿದ್ದ ವಿದ್ಯಾರ್ಥಿವೇತನ ನಾಲ್ಕು ತಿಂಗಳು ತಡವಾಯಿತು. ಒಂದು ದಾಖಲೆಯಲ್ಲಿ ತಂದೆಯವರ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ‘ಎಚ್’ ಇದ್ದಿತು, ಇನ್ನೊಂದರಲ್ಲಿ ಇರಲಿಲ್ಲ. ಕಚೇರಿಯ ಗುಮಾಸ್ತರು ನನ್ನನ್ನು ನೋಡಿ ಮರುಗಿದರು. ಆದರೆ, "ನನಗೆ ಗೊತ್ತಾಗ್ತದಪ್ಪ, ಸಿಸ್ಟಂ ತಗೊಳ್ತಿಲ್ಲ" ಎಂದರು. ಆ ನಾಲ್ಕು ತಿಂಗಳ ಹಾಸ್ಟೆಲ್ ಖರ್ಚಿಗಾಗಿ ನಮ್ಮ ಅವ್ವ ಎರಡು ಕುರಿಗಳನ್ನು ಮಾರಬೇಕಾಯಿತು. ಮನುಷ್ಯನಿಗೆ ತಿಳಿಯುವುದು ಯಂತ್ರಕ್ಕೇಕೆ ತಿಳಿಯುವುದಿಲ್ಲ, ಅದಕ್ಕೆ ತಿಳಿಸಬೇಕಾದವರಿಗೆ ಯಾರೂ ಇದನ್ನು ಹೇಳಿಕೊಡುವುದಿಲ್ಲವೆ ಎಂಬ ಯೋಚನೆ ಅಂದಿನಿಂದ ನನ್ನ ತಲೆಯಲ್ಲಿ ಕುಳಿತಿದೆ.

ನಮ್ಮ ಭಾವನವರು ಜಿಲ್ಲಾ ಕೇಂದ್ರದ ಒಂದು ಸಂಸ್ಥೆಯಲ್ಲಿ ಡೇಟಾಬೇಸ್ ಕೆಲಸದಲ್ಲಿದ್ದಾರೆ. ಅವರ ಕೃಪೆಯಿಂದ ಎರಡು ತರಬೇತಿ ಭಾಷಣಗಳನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವ ಅವಕಾಶ ನನಗೆ ದೊರೆಯಿತು.

ಮೊದಲನೆಯದರಲ್ಲಿ ಭಾಷಣಕಾರರು ಬಹಳ ಚುರುಕಾದವರು. ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ ಓಡಿತು. ಹೊಸ ಆವೃತ್ತಿ ಎಷ್ಟು ವೇಗವಾಗಿದೆ, ಯಾವ ಗುಂಡಿ ಒತ್ತಿದರೆ ಏನಾಗುತ್ತದೆ, ಯಾವ ಪರೀಕ್ಷೆ ಪಾಸಾದರೆ ಯಾವ ಸರ್ಟಿಫಿಕೇಟು ಸಿಗುತ್ತದೆ ಎಂಬ ವಿವರಗಳೆಲ್ಲ ಇಂಗ್ಲಿಷಿನಲ್ಲಿ ಬಂದವು. ಯಾರೂ ಪ್ರಶ್ನೆ ಕೇಳಲಿಲ್ಲ. ಕೊನೆಯಲ್ಲಿ ಚಪ್ಪಾಳೆ, ಉಪಾಹಾರ. ಹಿಂದಿರುಗುವಾಗ ಬಸ್ಸಿನಲ್ಲಿ, "ಏನು ಕಲಿತಿರಿ ಭಾವ?" ಎಂದೆ. "ಉಪ್ಪಿಟ್ಟು ಚೆನ್ನಾಗಿತ್ತು ಕಣಯ್ಯ" ಎಂದರು.

ಎರಡನೆಯ ಭಾಷಣಕಾರರು ನರೆಗೂದಲಿನ ಹಿರಿಯರು. ಅವರು ಸಭೆಯನ್ನು ಕುರಿತು ಕನ್ನಡದಲ್ಲಿಯೇ, "ನಿಮ್ಮಲ್ಲಿ ಬ್ಯಾಕಪ್ ಇಟ್ಟಿರುವವರು ಯಾರು ಯಾರು?" ಎಂದು ಕೇಳಿದರು. ಎಲ್ಲರ ಕೈಯೂ ಮೇಲೆದ್ದಿತು. "ಆ ಬ್ಯಾಕಪ್ಪಿನಿಂದ ಒಮ್ಮೆಯಾದರೂ ಎಲ್ಲವನ್ನೂ ಮರಳಿ ತೆಗೆದು ನೋಡಿದವರು?" ಎಂದರು. ಮೂರೋ ನಾಲ್ಕೋ ಕೈಗಳು ಉಳಿದವು. ಆಮೇಲೆ ಪ್ರತಿಯೊಬ್ಬರಿಗೂ ಅಭ್ಯಾಸದ ಡೇಟಾಬೇಸೊಂದನ್ನು ಕೊಟ್ಟು, ಬ್ಯಾಕಪ್ ಮಾಡಿಸಿ, ಅದರಲ್ಲಿನ ಮುಖ್ಯ ಪಟ್ಟಿಯನ್ನು ಅಳಿಸಿಹಾಕಲು ಹೇಳಿ, "ಊಟದ ಹೊತ್ತಿಗೆ ಅದು ಮರಳಿ ಬರಲಿ" ಎಂದು ಕುಳಿತುಬಿಟ್ಟರು. ಊಟದ ಹೊತ್ತು ಮೀರಿತು. ನಮ್ಮ ಭಾವನವರು ಮಾಡಿದ ಬ್ಯಾಕಪ್ ಕಡತದಲ್ಲಿ ಒಂದಕ್ಷರವೂ ಇರಲಿಲ್ಲ. ಹೆಸರು ಮಾತ್ರ ಇತ್ತು! ಅಂದು ರಾತ್ರಿ ಅವರು ಮನೆಗೆ ಬರದೆ, ನೇರವಾಗಿ ಕಚೇರಿಗೆ ಹೋಗಿ, ಅಲ್ಲಿನ ನಿಜವಾದ ಬ್ಯಾಕಪ್ಪುಗಳನ್ನು ಒಂದೊಂದಾಗಿ ತೆರೆದು ನೋಡಿದರು. ಒಂದು ಭಾಷಣ ಫಲಿಸಿತೆನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇದರಿಂದ ನನ್ನ ಮೊದಲನೆಯ ಅಭಿಪ್ರಾಯವನ್ನು ಹೇಳುತ್ತೇನೆ. ತರಬೇತಿ ಭಾಷಣವು ಗೆಲುವಿನ ವರದಿಯಾಗಿರದೆ ಸೋಲಿನ ಪಾಠವಾಗಿರಬೇಕು. ಈ ಪಾಠ ದೊಡ್ಡ ಸಂಸ್ಥೆಗಳಿಗೂ ತಪ್ಪಿದ್ದಲ್ಲ. ಜಗತ್ತಿನ ಅಸಂಖ್ಯ ಪ್ರೋಗ್ರಾಮರುಗಳು ತಮ್ಮ ಕೆಲಸವನ್ನು ಇರಿಸುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರು ನಕಲು ಯಂತ್ರವೆಂದು ತಿಳಿದು ಮೂಲ ಯಂತ್ರದಲ್ಲಿಯೇ ಅಳಿಸುವ ಆಜ್ಞೆಯನ್ನು ಕೊಟ್ಟನು. ಕ್ಷಣಮಾತ್ರದಲ್ಲಿ ಸುಮಾರು 300 ಗಿಗಾಬೈಟ್ ಮಾಯವಾಯಿತು. ಬ್ಯಾಕಪ್ ತೆಗೆಯುವ ಉಪಕರಣದ ಆವೃತ್ತಿಯು ಡೇಟಾಬೇಸಿನ ಆವೃತ್ತಿಗೆ ಹೊಂದದೆ ಬ್ಯಾಕಪ್ಪುಗಳೇ ಆಗುತ್ತಿರಲಿಲ್ಲವೆಂದು ಆಗ ತಿಳಿಯಿತು. ಅದು ಕೆಟ್ಟಿದೆಯೆಂದು ತಿಳಿಸಬೇಕಾಗಿದ್ದ ಮಿಂಚಂಚೆಗಳೂ ಯಾರಿಗೂ ತಲುಪುತ್ತಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿಯೇ ಕೊನೆಗೆ ಮಾನ ಕಾಯಿತು. ಆದರೂ ಸುಮಾರು 5,000 ಯೋಜನೆಗಳು, 5,000 ಟಿಪ್ಪಣಿಗಳು, 700 ಹೊಸ ಖಾತೆಗಳ ಮೇಲೆ ಅದರ ಪೆಟ್ಟು ಬಿದ್ದಿತು.

ಆ ಸಂಸ್ಥೆಯು ಇದನ್ನು ಮುಚ್ಚಿಡಲಿಲ್ಲ. ದುರಸ್ತಿಯ ಕೆಲಸವನ್ನು ಲೋಕವೆಲ್ಲ ನೋಡುವಂತೆ ನೇರವಾಗಿ ಪ್ರಸಾರ ಮಾಡಿತು. ಒಬ್ಬನ ಮೇಲೆ ತಪ್ಪು ಹೊರಿಸದೆ, ಕ್ರಮದಲ್ಲಿದ್ದ ದೋಷಗಳನ್ನು ಒಂದೊಂದಾಗಿ ಬರೆದು ಪ್ರಕಟಿಸಿತು. ಆ ವರದಿಯನ್ನು ಓದಿದ ಎಷ್ಟು ಆಡಳಿತಗಾರರು ತಮ್ಮ ಬ್ಯಾಕಪ್ಪನ್ನು ಅಂದೇ ಪರೀಕ್ಷಿಸಿರಬಹುದು! ಒಬ್ಬರ ಸೋಲು ಹೀಗೆ ಹತ್ತು ಮಂದಿಗೆ ವಿದ್ಯೆಯಾಗುತ್ತದೆ. ಮುಚ್ಚಿಟ್ಟ ಸೋಲಿನಿಂದ ಮುಚ್ಚಿಟ್ಟವನಿಗೂ ಲಾಭವಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೇನು ಫಲ?

ಎರಡನೆಯದಾಗಿ, ಭಾಷಣವು ಉಪಕರಣಕ್ಕಿಂತ ಮೊದಲು ತತ್ತ್ವವನ್ನು ಕಲಿಸಬೇಕು. 1970ರಲ್ಲಿ ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞರು ಹನ್ನೊಂದು ಪುಟಗಳ ಒಂದು ಲೇಖನವನ್ನು ಪ್ರಕಟಿಸಿದರು. ಮಾಹಿತಿಯು ಯಂತ್ರದೊಳಗೆ ಎಲ್ಲಿ, ಹೇಗೆ ಅಡಗಿದೆಯೆಂಬ ಚಿಂತೆ ಬಳಸುವವನಿಗೆ ಇರಬಾರದು. ಪಟ್ಟಿಗಳ ಪರಸ್ಪರ ಸಂಬಂಧದಿಂದಲೇ ಬೇಕಾದುದನ್ನು ಕೇಳುವಂತಿರಬೇಕು ಎಂಬುದು ಅದರ ಸಾರ. ಈ ಕಾರ್ಯಕ್ಕಾಗಿ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು. 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು ರೂಪಿಸಿದ ಪ್ರಶ್ನಭಾಷೆಯೇ ಇಂದಿನ ಎಸ್.ಕ್ಯೂ.ಎಲ್. ಭಾಷೆಗೆ ಮೂಲ. ಅಂದಿನಿಂದ ಎಷ್ಟೋ ಉಪಕರಣಗಳು ಬಂದುವು, ಹೋದುವು, ತತ್ತ್ವ ಉಳಿದಿದೆ. ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿಯನ್ನು ತಂದ ವ್ಯವಹಾರ ತತ್ತ್ವವನ್ನೇ ನೋಡಿ. ಒಂದು ಖಾತೆಯಿಂದ 500 ರೂಪಾಯಿ ತೆಗೆದು ಇನ್ನೊಂದಕ್ಕೆ ಹಾಕುವಾಗ ನಡುವೆ ವಿದ್ಯುತ್ ಹೋದರೆ, ತೆಗೆದದ್ದೂ ಹಾಕಿದ್ದೂ ಎರಡೂ ಆಗಿರಬೇಕು, ಇಲ್ಲವೆ ಎರಡೂ ಆಗಿರಬಾರದು. ಇಷ್ಟನ್ನು ತಿಳಿದವನು ಯಾವ ಉಪಕರಣದ ಮುಂದೆ ಕುಳಿತರೂ ಸರಿಯಾದ ಪ್ರಶ್ನೆಯನ್ನು ಕೇಳುತ್ತಾನೆ. ಗುಂಡಿಗಳನ್ನು ಮಾತ್ರ ಕಲಿತವನ ವಿದ್ಯೆ ಮುಂದಿನ ಆವೃತ್ತಿಯವರೆಗೆ ಮಾತ್ರ.

ಮೂರನೆಯ ಅಭಿಪ್ರಾಯವೇ ಕಲಾ ವಿದ್ಯಾರ್ಥಿಯಾದ ನನಗೆ ಮುಖ್ಯವಾದುದು. ಕಡತದಲ್ಲಿರುವುದು ಬರಿಯ ಸಂಖ್ಯೆಯಲ್ಲ. ಜನರ ಹೆಸರು, ಊರು, ಭಾಷೆ. ಇವುಗಳ ವಿಷಯವಾಗಿ ನಾನು ಕೇಳಿದ ಎರಡು ಭಾಷಣಗಳಲ್ಲಿಯೂ ಒಂದು ಮಾತು ಬರಲಿಲ್ಲ. ‘ಚನ್ನಬಸಪ್ಪ’ ಎಂಬ ಹೆಸರನ್ನು ತೆಗೆದುಕೊಳ್ಳಿ. ನಮ್ಮ ಎಣಿಕೆಗೆ ಅದು ಐದಕ್ಷರ. ಯೂನಿಕೋಡ್ ಕ್ರಮದಲ್ಲಿ ಒತ್ತಕ್ಷರಗಳನ್ನು ಬಿಡಿಸಿ ಎಣಿಸಿದರೆ 9 ಸಂಕೇತ. ಯು.ಟಿ.ಎಫ್.-8 ಎಂಬ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟಿನಂತೆ 27 ಬೈಟು ಬೇಕು. ಇಂಗ್ಲಿಷಿನಲ್ಲಿ ಬರೆದರೆ 13 ಬೈಟು ಸಾಕು. ಹೆಸರಿಗೆ 20 ಬೈಟು ಸಾಕೆಂದು ಮನೆ ಕಟ್ಟಿದವನ ಡೇಟಾಬೇಸಿನಲ್ಲಿ ಚನ್ನಬಸಪ್ಪನವರಿಗೆ ಇಂಗ್ಲಿಷಿನಲ್ಲಿ ಜಾಗವುಂಟು, ಕನ್ನಡದಲ್ಲಿ ಇಲ್ಲ!

ಇನ್ನೊಂದನ್ನು ಹೇಳುತ್ತೇನೆ. ‘ಕೊಟ್ರಪ್ಪ’ ಎಂಬಲ್ಲಿಯ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಊಕಾರಗಳ ಎರಡು ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಇವೆರಡನ್ನೂ ಒಂದೇ ರೂಪಕ್ಕೆ ತಂದು ಹೋಲಿಸುವಂತೆ ಮೊದಲೇ ಏರ್ಪಡಿಸದಿದ್ದರೆ ಯಂತ್ರದ ಪಾಲಿಗೆ ಅವರು ಇಬ್ಬರು ಬೇರೆ ಬೇರೆ ಕೊಟ್ರಪ್ಪಂದಿರು. ಇನ್ನು ‘ಮೊದಲ ಹೆಸರು, ಕೊನೆಯ ಹೆಸರು’ ಎಂಬ ಎರಡು ಕೋಣೆಗಳೂ ನಮ್ಮ ನಾಡಿಗೆ ಹೊಂದುವುದಿಲ್ಲ. ಹಳೆಯ ಮೈಸೂರಿನ ಕಡೆ ಊರಿನ ಹಾಗೂ ತಂದೆಯ ಹೆಸರುಗಳು ಮೊದಲಕ್ಷರಗಳಾಗಿ ಮುಂದೆ ನಿಲ್ಲುವುದುಂಟು. ಉತ್ತರದ ಜಿಲ್ಲೆಗಳಲ್ಲಿ ಮನೆತನದ ಹೆಸರು ಕೊನೆಗೆ ಬರುವುದುಂಟು. ಇದನ್ನು ಡೇಟಾಬೇಸ್ ಕಟ್ಟುವವರಿಗೆ ಹೇಳಬಲ್ಲವರು ಯಾರು? ಭಾಷೆಯನ್ನೂ ಸಮಾಜವನ್ನೂ ಓದುವ ನಾವಲ್ಲವೆ? ಆದುದರಿಂದ ಇಂತಹ ತರಬೇತಿಗಳಲ್ಲಿ ಕನ್ನಡದ ಅಧ್ಯಾಪಕರೊಬ್ಬರು ಅರ್ಧ ಗಂಟೆ ಮಾತನಾಡುವುದು ಅಲಂಕಾರವಲ್ಲ, ಅವಶ್ಯಕತೆ. ಅಂತಹ ಅರ್ಧ ಗಂಟೆ ಎಂದೋ ನಡೆದಿದ್ದರೆ ನಮ್ಮ ಅವ್ವನ ಕುರಿಗಳು ಮನೆಯಲ್ಲಿಯೇ ಉಳಿಯುತ್ತಿದ್ದುವೋ ಏನೊ!

ನಾಲ್ಕನೆಯದು ಭಾಷಣದ ಭಾಷೆ. ಇಂಗ್ಲಿಷಿನಲ್ಲಿ ಪಾಠಗಳಿಗೆ ಬರವಿಲ್ಲ. ಎನ್.ಪಿ.ಟಿ.ಇ.ಎಲ್. ಮೂಲಕ ಐ.ಐ.ಟಿ.ಗಳ ಪ್ರಾಧ್ಯಾಪಕರ ಪಾಠಗಳನ್ನು ಯಾರು ಬೇಕಾದರೂ ಕೇಳಬಹುದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಡೇಟಾಬೇಸ್ ಉಪನ್ಯಾಸಗಳೂ ಯೂಟ್ಯೂಬಿನಲ್ಲಿ ಉಚಿತವಾಗಿವೆ. ಪೋಸ್ಟ್‌ಗ್ರೆಸ್ ಬಳಸುವವರ ದೊಡ್ಡ ಸಮ್ಮೇಳನಗಳು 2023ರಲ್ಲಿಯೂ 2024ರಲ್ಲಿಯೂ ನಮ್ಮ ಬೆಂಗಳೂರಿನಲ್ಲಿಯೇ ನಡೆದುವು. ಆದರೆ ತಾಲ್ಲೂಕು ಕಚೇರಿಯಲ್ಲಿ, ಸಹಕಾರ ಸಂಘದಲ್ಲಿ, ಸಣ್ಣ ಆಸ್ಪತ್ರೆಯಲ್ಲಿ ಈ ಕೆಲಸ ಮಾಡುವ ಹುಡುಗ ಹುಡುಗಿಯರಲ್ಲಿ ಅನೇಕರು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಅವರು ಇಂಗ್ಲಿಷ್ ಭಾಷಣವನ್ನು ಕೇಳಿಯಾರು. ಎದ್ದುನಿಂತು ಇಂಗ್ಲಿಷಿನಲ್ಲಿ ಸಂದೇಹ ಕೇಳಲಾರರು. ಸಂದೇಹ ಕೇಳದ ತರಬೇತಿ ಎಂತಹ ತರಬೇತಿ?

"ಪಾರಿಭಾಷಿಕ ಪದಗಳೆಲ್ಲ ಇಂಗ್ಲಿಷಿನಲ್ಲಿವೆಯಲ್ಲ!" ಎಂದು ಕೆಲವರು ಆಕ್ಷೇಪಿಸಬಹುದು. ಇರಲಿ. ನಮ್ಮ ಮೋಟಾರು ರಿಪೇರಿಯ ಅಂಗಡಿಗಳಲ್ಲಿ ಗೇರು, ಕ್ಲಚ್ಚು, ಬ್ರೇಕು ಎಂಬ ಮಾತುಗಳನ್ನು ಬಿಡದೆ ಕನ್ನಡದಲ್ಲಿಯೇ ಕೆಲಸ ಕಲಿಸುವುದಿಲ್ಲವೆ? ಟೇಬಲ್, ಇಂಡೆಕ್ಸ್, ಬ್ಯಾಕಪ್ ಎಂಬವು ಹಾಗೆಯೇ ಇರಲಿ, ವಿವರಣೆ ಕನ್ನಡದಲ್ಲಿರಲಿ. ಇಂಡೆಕ್ಸ್ ಎಂದರೆ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ, ಅದಿದ್ದರೆ ಹುಡುಕುವುದು ಸುಲಭ, ಆದರೆ ಪುಸ್ತಕಕ್ಕೆ ಸಾಲು ಸೇರಿಸಿದಾಗಲೆಲ್ಲ ಸೂಚಿಯನ್ನೂ ತಿದ್ದಬೇಕಾದ್ದರಿಂದ ಬರೆಯುವುದು ನಿಧಾನ ಎಂದರೆ ಯಾರಿಗೆ ತಿಳಿಯದು?

ಇನ್ನೊಂದು ಆಕ್ಷೇಪಣೆಯಲ್ಲಿ ಸ್ವಲ್ಪ ಹುರುಳಿದೆ. ಸೋಲನ್ನು ಸಭೆಯಲ್ಲಿ ಹೇಳಿಕೊಂಡರೆ ನೌಕರಿಗೆ ಕುತ್ತು ಬಂದೀತು, ಸಂಸ್ಥೆಯ ಹೆಸರು ಕೆಟ್ಟೀತು ಎಂಬ ಭಯ ನಿಜವಾದುದೇ. ಹೊಟ್ಟೆಪಾಡಿನವನನ್ನು ಧೈರ್ಯವಿಲ್ಲವೆಂದು ಹಂಗಿಸುವುದು ನ್ಯಾಯವಲ್ಲ. ಆದರೆ ಇದಕ್ಕೂ ದಾರಿಯುಂಟು. ಹೆಸರು, ಸ್ಥಳಗಳನ್ನು ಬಿಟ್ಟು ತಪ್ಪನ್ನು ಮಾತ್ರ ಹೇಳಬಹುದು. ಪ್ರಕಟವಾಗಿರುವ ವರದಿಗಳನ್ನು ಓದಿ ಚರ್ಚಿಸಬಹುದು. ಆ ಹಿರಿಯ ಭಾಷಣಕಾರರಂತೆ ಅಭ್ಯಾಸದ ಡೇಟಾಬೇಸಿನಲ್ಲಿ ಬೇಕೆಂದೇ ಅನಾಹುತ ಮಾಡಿ, ಅದರಿಂದ ಪಾರಾಗುವುದನ್ನು ಕಲಿಸಬಹುದು.

ಕೊನೆಯದಾಗಿ ನಮ್ಮ ಕಾಲೇಜಿಗೆ ಒಂದು ಸೂಚನೆ. ನಮ್ಮಲ್ಲಿ ವರ್ಷಕ್ಕೆ ಎಷ್ಟೋ ವಿಶೇಷೋಪನ್ಯಾಸಗಳು ನಡೆಯುತ್ತವೆ. ಅವುಗಳಲ್ಲಿ ಒಂದನ್ನು ಊರಿನ ಕಚೇರಿಗಳಲ್ಲಿಯೂ ಸಂಘಗಳಲ್ಲಿಯೂ ಡೇಟಾಬೇಸ್ ನೋಡಿಕೊಳ್ಳುವವರಿಗಾಗಿ ಮೀಸಲಿಡಬಾರದೇಕೆ? ಬೆಳಿಗ್ಗೆ ಅನುಭವಸ್ಥರೊಬ್ಬರಿಂದ ಬ್ಯಾಕಪ್ ಮರಳಿ ಪಡೆಯುವ ಅಭ್ಯಾಸ. ಮಧ್ಯಾಹ್ನ ನಮ್ಮ ಕನ್ನಡ ವಿಭಾಗದಿಂದ ಹೆಸರು ಹಾಗೂ ಲಿಪಿಗಳ ಪಾಠ. ಸಂಜೆ ಮುಕ್ತ ಚರ್ಚೆ. ಖರ್ಚೆಂದರೆ ಚಹ ಮತ್ತು ಉಪ್ಪಿಟ್ಟು ಮಾತ್ರ. ಗುರುಗಳು ಒಪ್ಪಿದರೆ ಬೆಂಚು ಜೋಡಿಸುವ ಕೆಲಸಕ್ಕೆ ನಾನೂ ನನ್ನ ಗೆಳೆಯರೂ ಸಿದ್ಧರಿದ್ದೇವೆ. ಈ ಬಾರಿ ಉಪ್ಪಿಟ್ಟು ಅಷ್ಟು ಚೆನ್ನಾಗಿರದಿದ್ದರೂ ಚಿಂತೆಯಿಲ್ಲ.