ಎಲ್ಲಿಂದ ಬಂತು ಎನ್ನುವ ಮೊದಲು

2005ರ ಆಗಸ್ಟ್‌ನಲ್ಲಿ 29ನೆಯ ಅಂತಾರಾಷ್ಟ್ರೀಯ ಕಾಸ್ಮಿಕ್ ಕಿರಣ ಸಮ್ಮೇಳನ ಪುಣೆಯಲ್ಲಿ ನಡೆಯಿತು. ಅರ್ಜೆಂಟೀನಾದ ಪಿಯೆರ್ ಓಜೆ ವೀಕ್ಷಣಾಲಯದ ಕಟ್ಟೋಣ ಆಗ ಇನ್ನೂ ಮುಗಿದಿರಲಿಲ್ಲ. ಆದರೂ ಎಷ್ಟೆಷ್ಟು ಶಕ್ತಿಯ ಕಣಗಳು ಎಷ್ಟೆಷ್ಟು ಬರುತ್ತವೆ ಎಂಬ ತನ್ನ ಮೊದಲ ಲೆಕ್ಕವನ್ನು ಅದು ಅಲ್ಲಿ ಮಂಡಿಸಿತು. ಅತಿ ಹೆಚ್ಚು ಶಕ್ತಿಯ ಕಣ ಒಂದು ಚದರ ಕಿಲೋಮೀಟರಿಗೆ ನೂರು ವರ್ಷಕ್ಕೊಂದು ಬಿದ್ದರೆ ಪುಣ್ಯ. ಅದಕ್ಕೇ ಓಜೆಯವರು 3,000 ಚದರ ಕಿಲೋಮೀಟರ್ ಬಯಲಿನಲ್ಲಿ 1,600ಕ್ಕೂ ಹೆಚ್ಚು ನೀರಿನ ತೊಟ್ಟಿಗಳನ್ನಿಟ್ಟು ಕಾಯುತ್ತಾರೆ.

ಪತ್ರಿಕೆಗಳಿಗೆ ಅಷ್ಟು ತಾಳ್ಮೆಯಿಲ್ಲ. ಅವುಗಳಿಗೆ ಬೇಕಾಗಿರುವುದು ಒಂದೇ: ಎಲ್ಲಿಂದ ಬಂತು? 2007ರಲ್ಲಿ ಓಜೆ ತಂಡ, ತಾನು ಹಿಡಿದ 27 ಕಣಗಳಲ್ಲಿ 20 ಕಣಗಳ ದಿಕ್ಕು ಹತ್ತಿರದ ಸಕ್ರಿಯ ಗೆಲಾಕ್ಸಿಗಳ ಆಸುಪಾಸಿನಲ್ಲಿದೆ ಎಂದಿತು. ಮೂಲ ಸಿಕ್ಕೇಬಿಟ್ಟಿತೆಂದು ಜಗತ್ತಿನ ತುಂಬ ಸುದ್ದಿಯಾಯಿತು. ಕಣಗಳ ಸಂಖ್ಯೆ ಹೆಚ್ಚಿದಂತೆ ಆ ಹೊಂದಿಕೆ 2010ರ ಹೊತ್ತಿಗೆ ಶೇ. 38ಕ್ಕೆ ಇಳಿಯಿತು. ಸುಮ್ಮನೆ ಆಕಸ್ಮಿಕವಾಗಿಯೇ ಶೇ. 21ರಷ್ಟು ಹೊಂದುತ್ತದೆ. ಈ ಇಳಿಕೆ ಯಾವ ಮುಖಪುಟಕ್ಕೆ ಬಂತು?

ತಪ್ಪಿನಲ್ಲಿ ಸ್ವಲ್ಪ ಪಾಲು 'ಕಿರಣ' ಎಂಬ ಮಾತಿನದೂ ಹೌದು. ಕಿರಣ ಎಂದೊಡನೆ ಕಿಟಕಿಯಿಂದ ನೇರ ಬೀಳುವ ಬಿಸಿಲು ನೆನಪಾಗುತ್ತದೆ. ಬರುತ್ತಿರುವುದಾದರೋ ವಿದ್ಯುದಂಶವಿರುವ ಪರಮಾಣು ಬೀಜಗಳು. ದಾರಿಯ ಕಾಂತಕ್ಷೇತ್ರಗಳು ಅವನ್ನು ತಿರುಗಿಸುತ್ತವೆ. ಪ್ರೋಟಾನಿನದು ಒಂದು ಪಾಲು ವಿದ್ಯುದಂಶ, ಕಬ್ಬಿಣದ ಬೀಜದ್ದು 26. ಶಕ್ತಿ ಒಂದೇ ಆದರೂ ಕಬ್ಬಿಣ 26 ಪಟ್ಟು ಹೆಚ್ಚು ಬಾಗುತ್ತದೆ. ಬಂದದ್ದು ಏನು ಎಂದು ತಿಳಿಯದೆ ಎಲ್ಲಿಂದ ಎಂದು ಬೆರಳು ತೋರಿಸುವುದು ಕಣಿ ಹೇಳಿದ ಹಾಗೆ. ಓಜೆಯದೇ ಅಳತೆಗಳ ಪ್ರಕಾರ ಶಕ್ತಿ ಏರಿದಂತೆ ಬೀಜಗಳು ಭಾರವಾಗುತ್ತ ಹೋಗುತ್ತವೆ.

ಆದರೂ ಚಾಳಿ ಬಿಟ್ಟಿಲ್ಲ. 2021ರ ಮೇ 27ರಂದು ಅಮೆರಿಕದ ಯೂಟಾದಲ್ಲಿ ಸಿಕ್ಕ 'ಅಮತೆರಾಸು' ಕಣದ ಸುದ್ದಿ 2023ರಲ್ಲಿ ಹೊರಬಿತ್ತು. ಅದು ಬಂದ ದಿಕ್ಕಿನಲ್ಲಿರುವುದು ಬಹುಪಾಲು ಖಾಲಿ ಜಾಗ. ನಿಗೂಢ, ನಿಗೂಢ ಎಂದು ಎಲ್ಲರೂ ಕೂಗಿದರು. ಅದು ಪ್ರೋಟಾನೋ ಕಬ್ಬಿಣವೋ ಎಂದು ಕೇಳಿದವರು ಕಡಿಮೆ. ಕಬ್ಬಿಣವಾಗಿದ್ದರೆ ಆ ಖಾಲಿ ಜಾಗದಿಂದಲೇ ಹೊರಟಿರಬೇಕೆಂದೇನಿಲ್ಲ.

ಕಣದ ಜಾತಿ ಗುರುತಿಸುವುದೂ ಸುಲಭವಲ್ಲ, ಒಪ್ಪಬೇಕು. ಕಣ ವಾತಾವರಣಕ್ಕೆ ಬಡಿದಾಗ ಹೊಮ್ಮುವ ಮಂದ ಬೆಳಕನ್ನು ಬೆಳದಿಂಗಳಿಲ್ಲದ ರಾತ್ರಿಯಲ್ಲಷ್ಟೇ ನೋಡಬಹುದು. ಮ್ಯೂಆನ್ ಎಣಿಸಿದರೆ ಲೆಕ್ಕಕ್ಕಿಂತ ಜಾಸ್ತಿ ಸಿಗುತ್ತವೆ, ಏಕೆಂದು ಇನ್ನೂ ಬಗೆಹರಿದಿಲ್ಲ. ಆ ಕಾರಣಕ್ಕೆ ಪ್ರಶ್ನೆಯನ್ನೇ ಕೈಬಿಡಲಾಗುತ್ತದೆಯೆ? ಊಟಿಯ ಗ್ರೇಪ್ಸ್-3 ಕೈಬಿಡಲಿಲ್ಲ. ಶಕ್ತಿ ಬಹಳ ಕಡಿಮೆ, ನಿಜ. ಆದರೆ ಮ್ಯೂಆನ್ ಎಣಿಸಿಯೇ ಪ್ರೋಟಾನುಗಳನ್ನು ಬೇರ್ಪಡಿಸಿ, 166 ಟೆರಾ ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಅವುಗಳ ಲೆಕ್ಕದಲ್ಲಿ ಹೊಸದೊಂದು ತಿರುವಿರುವುದನ್ನು 2024ರಲ್ಲಿ ಪ್ರಕಟಿಸಿತು. ಅಮತೆರಾಸುವಿಗೆ ಸಿಕ್ಕ ಸದ್ದಿನ ಕಾಲುಭಾಗವೂ ಅದಕ್ಕೆ ಸಿಗಲಿಲ್ಲ.

ಓಜೆ ತನ್ನ ದತ್ತಾಂಶದ ಹತ್ತನೇ ಒಂದು ಪಾಲನ್ನು 2021ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಪುಣೆಯ ಎಂಎಸ್ಸಿ ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಕೂತೇ ಅದನ್ನು ಇಳಿಸಿಕೊಳ್ಳಬಹುದು. ದಿಕ್ಕಿನ ಅಂಕಣವೂ ಅದರಲ್ಲಿದೆ, ಬೆಳಕಿನ ಅಳತೆಯೂ ಇದೆ. ಮೇಷ್ಟ್ರು ಮೊದಲು ಯಾವುದನ್ನು ತೆರೆಯಲು ಹೇಳುತ್ತಾರೆ?